140 ಪೇಪರ್ ಬರೆದವರು ದೊಡ್ಡವರಾ, 38 ಬರೆದವರಾ?

ಪ್ರಶ್ನೆ: ಪ್ರಾಣಿಗಳ ಫಿಸಿಯಾಲಜಿಯಲ್ಲಿ, ಅಂದರೆ ಶರೀರಕ್ರಿಯಾಶಾಸ್ತ್ರದಲ್ಲಿ, ಪಿಎಚ್‌ಡಿ ಮಾಡಬೇಕೆಂದಿದ್ದೇನೆ. ಇಬ್ಬರು ಗೈಡ್‌ಗಳು ನನ್ನ ಮನಸ್ಸಿನಲ್ಲಿದ್ದಾರೆ. ಗೂಗಲ್ ಸ್ಕಾಲರ್ ಪ್ರಕಾರ ಮೊದಲನೆಯವರದು 140 ಪೇಪರ್, 2,900 ಸೈಟೇಶನ್ (ಅಂದರೆ ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ), ಎಚ್-ಇಂಡೆಕ್ಸ್ 27. ಎರಡನೆಯವರದು 38 ಪೇಪರ್, 2,600 ಸೈಟೇಶನ್, ಎಚ್-ಇಂಡೆಕ್ಸ್ 17. ಇವರಲ್ಲಿ ಯಾರ ಕೆಲಸದ ಪ್ರಭಾವ ಹೆಚ್ಚು? ಮೊದಲನೆಯವರಿಗೆ ಸೈಟೇಶನ್ ಎಣಿಸುವ ಇನ್ನೊಂದು ತಾಣವಾದ ಸ್ಕೋಪಸ್‌ನಲ್ಲಿ 1,750 ಸೈಟೇಶನ್, ಎಚ್-ಇಂಡೆಕ್ಸ್ 21 ಎಂದಷ್ಟೇ ತೋರಿಸುತ್ತದೆ. ಯಾವುದು ನಿಜ? ಅವರು 'ವಿಶ್ವದ ಶೇ 2 ವಿಜ್ಞಾನಿಗಳ ಪಟ್ಟಿ'ಯಲ್ಲೂ ಇದ್ದಾರಂತೆ. ಅದಕ್ಕೆ ಎಷ್ಟು ಬೆಲೆ ಕೊಡಬೇಕು?

ಉತ್ತರ: ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಕಣ್ಣು ನಿಂತದ್ದು ಎರಡನೆಯವರ ಲೆಕ್ಕದ ಮೇಲೆ. 38 ಪೇಪರ್, 2,600 ಸೈಟೇಶನ್, ಆದರೆ ಎಚ್-ಇಂಡೆಕ್ಸ್ ಬರೀ 17. ಈ ಮೂರು ಅಂಕಿಗಳು ಒಂದಕ್ಕೊಂದು ಸರಿಯಾಗಿ ಕೂರುತ್ತಿಲ್ಲ. ಏನೋ ಇದೆ ಅಲ್ಲಿ. ಅಲ್ಲಿಂದಲೇ ಶುರು ಮಾಡೋಣ.

ಎಚ್-ಇಂಡೆಕ್ಸ್ ಎಂಬ ಅಳತೆ ಬಂದದ್ದು 2005ರಲ್ಲಿ. ಅದನ್ನು ಕೊಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಲೆಕ್ಕ ಸುಲಭ. ಒಬ್ಬರ ಪೇಪರ್‌ಗಳನ್ನೆಲ್ಲ ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಸಾಲಾಗಿ ಇಡಿ. ಎಷ್ಟನೆಯ ಪೇಪರೋ ಅದಕ್ಕೆ ಕನಿಷ್ಠ ಅಷ್ಟು ಸೈಟೇಶನ್ ಇರುವ ತನಕ ಮೇಲಿನಿಂದ ಎಣಿಸುತ್ತಾ ಬನ್ನಿ. ಐದು ಪೇಪರ್‌ಗಳಿಗೆ ಕ್ರಮವಾಗಿ 40, 22, 9, 4, 3 ಸೈಟೇಶನ್ ಇವೆ ಎಂದುಕೊಳ್ಳಿ. ನಾಲ್ಕನೆಯ ಪೇಪರಿಗೆ ನಾಲ್ಕು ಸೈಟೇಶನ್ ಇದೆ, ಸರಿ. ಐದನೆಯದಕ್ಕೆ ಐದು ಬೇಕಿತ್ತು, ಮೂರೇ ಇದೆ. ಅಲ್ಲಿಗೆ ನಿಂತಿತು. ಎಚ್-ಇಂಡೆಕ್ಸ್ 4. ಈಗ ಮೊದಲ ಪೇಪರಿನ 40 ಹೋಗಿ 4,000 ಆಯಿತು ಅಂತಿಟ್ಟುಕೊಳ್ಳಿ. ಎಚ್-ಇಂಡೆಕ್ಸ್ ಆಗಲೂ 4. ಒಂದೇ ಪೇಪರಿನಿಂದ ಜಗತ್ತು ಬದಲಾಯಿಸಿದವರನ್ನು ಈ ಅಳತೆ ಗಮನಿಸುವುದೇ ಇಲ್ಲ.

ಒಟ್ಟು ಸೈಟೇಶನ್ ಸಾಮಾನ್ಯವಾಗಿ ಎಚ್‌ನ ವರ್ಗದ ಮೂರರಿಂದ ಐದು ಪಟ್ಟು ಇರುತ್ತದೆ ಎಂದು ಹಿರ್ಷ್ ತಮ್ಮ 2005ರ ಪೇಪರಿನಲ್ಲೇ ಹೇಳಿದ್ದರು. ಮೊದಲನೆಯವರದ್ದನ್ನು ನೋಡಿ. 27ರ ವರ್ಗ 729. 2,900 ಅದರ ನಾಲ್ಕು ಪಟ್ಟು. ತೀರಾ ಮಾಮೂಲಿ. ಎರಡನೆಯವರದು 17ರ ವರ್ಗ 289. 2,600 ಅದರ ಒಂಬತ್ತು ಪಟ್ಟು! ಇನ್ನೂ ಸ್ವಲ್ಪ ಹಿಂಡಿ ನೋಡಬಹುದು. ಅವರ 38 ಪೇಪರ್‌ಗಳಲ್ಲಿ ಕೆಳಗಿನ 21ಕ್ಕೆ ತಲಾ 17ಕ್ಕಿಂತ ಜಾಸ್ತಿ ಸೈಟೇಶನ್ ಇರಲು ಸಾಧ್ಯವೇ ಇಲ್ಲ, ಇದ್ದಿದ್ದರೆ ಎಚ್-ಇಂಡೆಕ್ಸ್ 18 ಆಗುತ್ತಿತ್ತು. 21 ಗುಣಿಸು 17 ಅಂದರೆ 357. ಉಳಿದ 2,243 ಮೇಲಿನ 17 ಪೇಪರ್‌ಗಳಲ್ಲೇ ಇರಬೇಕು. ಅದು 17ಕ್ಕೂ ಸಮನಾಗಿ ಹಂಚಿಹೋಗಿರುವುದಿಲ್ಲ. ಸೈಟೇಶನ್‌ಗಳು ಎಲ್ಲಿಯೂ ಹಾಗೆ ಹಂಚಿಹೋಗುವುದಿಲ್ಲ. ನನ್ನ ಅಂದಾಜು ಇಷ್ಟು: ಅವರ ಒಂದೇ ಒಂದು ಪೇಪರಿಗೆ ಸಾವಿರದ ಮೇಲೆ ಸೈಟೇಶನ್ ಇದೆ. ಪ್ರೊಫೈಲ್‌ನ ಮೊದಲ ಸಾಲಿನಲ್ಲೇ ಅದು ಸಿಗುತ್ತದೆ. ಈಗಲೇ ತೆರೆದು ನೋಡಿ.

ತೆರೆದಾಗ ಏನು ಕಾಣಬಹುದು? ನಮ್ಮ ಕ್ಷೇತ್ರದಲ್ಲಿ ಸಾವಿರ ದಾಟುವ ಪೇಪರ್‌ಗಳಲ್ಲಿ ಅಳೆಯುವ ವಿಧಾನ ಹೇಳಿಕೊಡುವಂಥವು ತುಂಬಾ. ಇಡೀ ವಿಜ್ಞಾನದಲ್ಲೇ ಅತಿ ಹೆಚ್ಚು ಸೈಟೇಶನ್ ಪಡೆದ ಪೇಪರ್ ಯಾವುದು ಗೊತ್ತಾ? ಡಿಎನ್‌ಎ ರಚನೆಯದಲ್ಲ, ಸಾಪೇಕ್ಷತೆಯದೂ ಅಲ್ಲ. ಆಲಿವರ್ ಲೌರಿ ಮತ್ತು ಜೊತೆಗಾರರು 1951ರಲ್ಲಿ ಬರೆದ, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನದ ಪೇಪರ್. 2014ರ ಹೊತ್ತಿಗೇ ಅದಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸೈಟೇಶನ್ ಆಗಿತ್ತು. ಲೌರಿ ಸ್ವತಃ ಅದನ್ನು ತನ್ನ ಒಳ್ಳೆಯ ಕೆಲಸ ಎಂದು ಎಣಿಸುತ್ತಿರಲಿಲ್ಲ. ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುವವರೆಲ್ಲ 2001ರ ಲಿವಾಕ್ ಮತ್ತು ಶ್ಮಿಟ್‌ಗೆನ್ ಅವರ ಲೆಕ್ಕದ ವಿಧಾನಕ್ಕೆ ಕೈಮುಗಿದೇ ಮುಂದೆ ಹೋಗುತ್ತಾರೆ. ಅದೂ ಲಕ್ಷ ದಾಟಿದೆ. ದನಕರುಗಳ ಕಡೆಗೆ ಬಂದರೆ ಪೀಟರ್ ವ್ಯಾನ್ ಸೋಸ್ಟ್ ಮತ್ತು ಸಂಗಡಿಗರ 1991ರ ಪೇಪರ್ ಇದೆ. ಮೇವಿನಲ್ಲಿರುವ ನಾರನ್ನು ಅಳೆಯುವುದು ಹೇಗೆ ಎಂದು ಅದು ಹೇಳುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಮೇಲೆ ಕೆಲಸ ಮಾಡುವವರು ಯಾವ ದೇಶದಲ್ಲಿದ್ದರೂ ಅದನ್ನು ಒಮ್ಮೆಯಾದರೂ ಸೈಟ್ ಮಾಡಿರುತ್ತಾರೆ.

ಎರಡನೆಯ ಬಗೆ ರಿವ್ಯೂ ಪೇಪರ್. ಬೇರೆಯವರ ಇನ್ನೂರು ಪೇಪರ್ ಓದಿ ಸಾರ ಬರೆದುಕೊಟ್ಟರೆ ಆಮೇಲೆ ಬರುವವರು ಆ ಇನ್ನೂರನ್ನು ಬಿಟ್ಟು ಇದೊಂದನ್ನು ಸೈಟ್ ಮಾಡುತ್ತಾರೆ. ಕೆಲಸ ಸಲೀಸು. ನನ್ನದೇ ಕಥೆ ಹೇಳುತ್ತೇನೆ. ನಾಲ್ಕು ವರ್ಷ ಆಡುಗಳ ಹಿಂದೆ ಸುತ್ತಿ, ಬೆಳಗಿನ ಜಾವ ಎದ್ದು ರಕ್ತ ತೆಗೆದು ಬರೆದ ಪೇಪರಿಗೆ ಇವತ್ತಿಗೂ ಹದಿನಾಲ್ಕು ಸೈಟೇಶನ್. ಒಂದು ರಜೆಯಲ್ಲಿ ಕುರ್ಚಿ ಬಿಟ್ಟು ಏಳದೆ ಬರೆದ ರಿವ್ಯೂಗೆ ಅದರ ಹತ್ತು ಪಟ್ಟು. ಹೊಟ್ಟೆ ಉರಿಯುತ್ತದೆ, ಆದರೆ ಓದುವವರ ತಪ್ಪೇನೂ ಇಲ್ಲ.

ಮೂರನೆಯದು ದೊಡ್ಡ ಗುಂಪಿನ ಪೇಪರ್. ಹಸುವಿನ ಜೀನೋಮ್ 2009ರಲ್ಲಿ ಪ್ರಕಟವಾದಾಗ ಅದರಲ್ಲಿ ಮುನ್ನೂರು ಜನರ ಹೆಸರಿತ್ತು. ಅಷ್ಟೂ ಜನರ ಪ್ರೊಫೈಲ್‌ನಲ್ಲಿ ಅದರ ಸೈಟೇಶನ್ ಪೂರ್ತಿ ಪೂರ್ತಿ ಸೇರುತ್ತದೆ. ಪಾಲು ಮಾಡಿ ಹಂಚುವುದಿಲ್ಲ. ನೀವು ಹೇಳುವ ಎರಡನೆಯವರ ದೊಡ್ಡ ಪೇಪರ್ ಇಂಥದ್ದಾಗಿದ್ದು, ಅವರ ಹೆಸರು ನೂರಾ ಐವತ್ತನೆಯದಾಗಿದ್ದರೆ, ಅದನ್ನು ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಹಾಕಿ.

ಇನ್ನೊಂದು ಸಾಧ್ಯತೆಯೂ ಇದೆ. ಅವರು ನಿಜವಾಗಿಯೂ ಹೊಸದೇನನ್ನೋ ಕಂಡುಹಿಡಿದಿರಬಹುದು. ಅದು ಗೊತ್ತಾಗುವುದು ಹೇಗೆ? ಸೈಟೇಶನ್ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿ. ಆ ಪೇಪರನ್ನು ಸೈಟ್ ಮಾಡಿದವರ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಇಪ್ಪತ್ತು ಪೇಪರ್ ಆರಿಸಿ, ಸೈಟ್ ಮಾಡಿದ ವಾಕ್ಯವನ್ನಷ್ಟೇ ಹುಡುಕಿ ಓದಿ. ಅರ್ಧ ದಿನದ ಕೆಲಸ. ಯಾರೂ ಮಾಡುವುದಿಲ್ಲ. ಆಯ್ಕೆ ಸಮಿತಿಗಳಲ್ಲಿ ಕೂತವರೂ ಮಾಡುವುದು ಅಪರೂಪ. ನನ್ನ ಪ್ರಕಾರ ಒಬ್ಬ ವಿಜ್ಞಾನಿಯ ಪ್ರಭಾವ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆ ವಾಕ್ಯಗಳು ಹೇಗಿರುತ್ತವೆ ನೋಡಿ. ಬಿಸಿಲಿನ ತಾಪದಿಂದ ಹಸುಗಳ ಹಾಲು ಇಳಿಯುವುದರ ಬಗ್ಗೆ ಅವರದೊಂದು ಪೇಪರ್ ಇದೆ ಎಂದುಕೊಳ್ಳೋಣ. ಒಬ್ಬರು ಬರೆಯುತ್ತಾರೆ: 'ತಾಪ ಹೆಚ್ಚಾದರೆ ಹಾಲು ಕಡಿಮೆಯಾಗುತ್ತದೆ ಎಂಬುದು ತಿಳಿದ ವಿಷಯ', ಮುಂದೆ ಕಂಸದಲ್ಲಿ ಎಂಟು ಪೇಪರ್‌ಗಳ ಹೆಸರು, ಅದರಲ್ಲಿ ಇವರದೂ ಒಂದು. ಇದು ದಾರಿಯಲ್ಲಿ ಎದುರಾದವರಿಗೆ ನಮಸ್ಕಾರ ಹಾಕಿದ ಹಾಗೆ. ಇವರ ಪೇಪರ್ ಇಲ್ಲದಿದ್ದರೂ ಆ ವಾಕ್ಯ ನಿಲ್ಲುತ್ತಿತ್ತು. ಇನ್ನೊಬ್ಬರು ಬರೆಯುತ್ತಾರೆ: 'ಮೇವು ತಿನ್ನುವುದು ಕಡಿಮೆಯಾದದ್ದೇ ಕಾರಣವೋ, ತಾಪವೇ ಕಾರಣವೋ ಎಂದು ಬೇರ್ಪಡಿಸಲು ಇವರು ಮಾಡಿದಂತೆ ನಾವೂ ತಂಪಿನಲ್ಲಿಟ್ಟ ಹಸುಗಳಿಗೆ ಅಷ್ಟೇ ಅಳತೆಯ ಮೇವು ಕೊಟ್ಟೆವು.' ಇಲ್ಲಿ ಅವರ ಯೋಚನೆ ಇನ್ನೊಬ್ಬರ ಕೊಟ್ಟಿಗೆಯೊಳಗೆ ಹೋಗಿ ಪ್ರಯೋಗದ ರೂಪವನ್ನೇ ಬದಲಾಯಿಸಿದೆ. ಎರಡಕ್ಕೂ ಗೂಗಲ್ ಸ್ಕಾಲರ್ ಕೊಡುವುದು ಒಂದೊಂದೇ ಅಂಕ.

ಒಪ್ಪದೆ ಇರುವವರ ಸೈಟೇಶನ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಮ್ಯಾಕ್ಸ್ ಕ್ಲೈಬರ್ ಅವರ ಉದಾಹರಣೆ ನೋಡಿ. ಪ್ರಾಣಿ ಸುಮ್ಮನೆ ಇದ್ದಾಗ ಖರ್ಚು ಮಾಡುವ ಶಕ್ತಿ ಅದರ ತೂಕಕ್ಕೆ ನೇರವಾಗಿ ಹೊಂದಿಕೊಂಡು ಏರುವುದಿಲ್ಲ, ತೂಕದ ಮುಕ್ಕಾಲು ಘಾತಕ್ಕೆ ತಕ್ಕಂತೆ ಏರುತ್ತದೆ ಎಂದು ಅವರು 1932ರಲ್ಲಿ ತೋರಿಸಿದರು. ಅಂದರೆ ತೂಕ ಹತ್ತು ಸಾವಿರ ಪಟ್ಟು ಆದರೆ ಶಕ್ತಿಯ ಖರ್ಚು ಸಾವಿರ ಪಟ್ಟು ಮಾತ್ರ. ಆ ಪೇಪರ್ ಪ್ರಕಟವಾದದ್ದು 'ಹಿಲ್ಗಾರ್ಡಿಯ' ಎಂಬ, ಕ್ಯಾಲಿಫೋರ್ನಿಯಾದ ಕೃಷಿ ಪ್ರಯೋಗ ಕೇಂದ್ರದ ಜರ್ನಲ್‌ನಲ್ಲಿ. ಇವತ್ತಿನ ಆಯ್ಕೆ ಸಮಿತಿಯವರು ಆ ಹೆಸರು ನೋಡಿದರೆ ಮೂಗು ಮುರಿಯುತ್ತಾರೆ. 1997ರಲ್ಲಿ ವೆಸ್ಟ್, ಬ್ರೌನ್, ಎನ್‌ಕ್ವಿಸ್ಟ್ ಎಂಬ ಮೂವರು ಈ ಮುಕ್ಕಾಲಿಗೆ ರಕ್ತನಾಳಗಳ ಕವಲಿನಲ್ಲಿ ಕಾರಣ ಹುಡುಕಿದ ಮೇಲೆ ಹಳೆಯ ಜಗಳ ಮತ್ತೆ ಹೊತ್ತಿಕೊಂಡಿತು. 2003ರಲ್ಲಿ ಕ್ರೇಗ್ ವೈಟ್ ಮತ್ತು ರೋಜರ್ ಸೀಮೋರ್, ಸಸ್ತನಿಗಳಲ್ಲಿ ಅದು ಮುಕ್ಕಾಲಲ್ಲ, ಮೂರರಲ್ಲಿ ಎರಡು ಭಾಗ ಎಂದರು. ಕ್ಲೈಬರ್ ತಪ್ಪು ಎನ್ನುವವರೂ ಕ್ಲೈಬರ್‌ರನ್ನು ಸೈಟ್ ಮಾಡಲೇಬೇಕು. ಇಂಥ ಜಗಳ ಹುಟ್ಟಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಪ್ರಭಾವವೇ.

ಲೆಕ್ಕಕ್ಕೆ ಸಿಗದೆ ಹೋಗುವ ಪ್ರಭಾವವೂ ಇದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲ ಜೀವಿಯ ದಪ್ಪ ನರತಂತುವಿನ ಮೇಲೆ ಕೆಲಸ ಮಾಡಿ, ನರದಲ್ಲಿ ಸಂದೇಶ ಹೇಗೆ ಓಡುತ್ತದೆ ಎಂದು ಸಮೀಕರಣ ಬರೆದರು. 1963ರಲ್ಲಿ ನೊಬೆಲ್ ಬಂತು. ಇವತ್ತು ನರದೊಳಗಿನ ಸೋಡಿಯಂ ಪ್ರವಾಹದ ಬಗ್ಗೆ ಬರೆಯುವ ಎಷ್ಟೋ ಜನ ಅವರ ಹೆಸರು ಹಾಕುವುದೇ ಇಲ್ಲ. ಅದು ಪಠ್ಯಪುಸ್ತಕಕ್ಕೆ ಸೇರಿಹೋಯಿತು. ಕ್ನುಟ್ ಶ್ಮಿಟ್-ನೀಲ್ಸನ್ 1950ರ ದಶಕದಲ್ಲಿ ಸಹಾರಾ ಮರುಭೂಮಿಗೆ ಹೋಗಿ ಒಂಟೆಗಳ ಮೈ ಉಷ್ಣತೆ ಅಳೆದರು. ನೀರು ಸಿಗದ ಒಂಟೆ ಬೆಳಿಗ್ಗೆ 34 ಡಿಗ್ರಿಗೆ ತಣ್ಣಗಾಗಿ, ಸಂಜೆ 40 ದಾಟುವ ತನಕ ಮೈ ಬಿಸಿಯೇರಲು ಬಿಡುತ್ತದೆ, ಬೆವರಿಗೆ ಹೋಗುವ ನೀರು ಹಾಗೆ ಉಳಿಯುತ್ತದೆ. ಈ ಕಥೆ ಗೊತ್ತಿಲ್ಲದ ಫಿಸಿಯಾಲಜಿ ವಿದ್ಯಾರ್ಥಿ ಇಲ್ಲ. ಮೂಲ ಪೇಪರ್ ತೆರೆದು ನೋಡಿದವರು ಎಷ್ಟು? ಬಹಳ ಮಂದಿ ಅವರ ಪುಸ್ತಕಗಳನ್ನು ಸೈಟ್ ಮಾಡಿ ಮುಗಿಸುತ್ತಾರೆ.

ತಡವಾಗಿ ಹಣ್ಣಾಗುವ ಕೆಲಸಗಳದ್ದು ಬೇರೆಯೇ ಪಾಡು. ಇಟಲಿಯ ಫೆರುಚ್ಚೊ ರಿತೋಸ್ಸ ಹಣ್ಣುನೊಣದ ಜೀವಕೋಶಗಳನ್ನು ನೋಡುತ್ತಿದ್ದಾಗ ಯಾರೋ ಇನ್‌ಕ್ಯುಬೇಟರ್ ಉಷ್ಣತೆ ಏರಿಸಿಬಿಟ್ಟಿದ್ದರು. ಕ್ರೋಮೋಸೋಮ್‌ಗಳಲ್ಲಿ ಹೊಸ ಜಾಗಗಳಲ್ಲಿ ಉಬ್ಬು ಕಂಡಿತು. ಒಂದು ದೊಡ್ಡ ಜರ್ನಲ್ ಅದನ್ನು ವಾಪಸ್ ಕಳಿಸಿತು, ಜೀವವಿಜ್ಞಾನಕ್ಕೆ ಇದರಿಂದ ಏನು ಉಪಯೋಗ ಎಂಬ ಧಾಟಿಯಲ್ಲಿ. 1962ರಲ್ಲಿ ಅದು ಬೇರೆಡೆ ಪ್ರಕಟವಾಯಿತು. ಆ ಉಬ್ಬುಗಳ ಜೊತೆಗೆ ಹುಟ್ಟುವ ಪ್ರೋಟೀನ್‌ಗಳು ಕಂಡದ್ದು 1974ರಲ್ಲಿ. ಇವತ್ತು ನಾವೆಲ್ಲ ಹೀಟ್ ಶಾಕ್ ಪ್ರೋಟೀನ್ ಎಂದು ಕರೆಯುವುದು ಅವನ್ನೇ. ಹಸು, ಕುರಿ, ಕೋಳಿ ಯಾವುದರ ತಾಪದ ಅಧ್ಯಯನಕ್ಕೆ ಹೋದರೂ ಅವು ಬಂದೇ ಬರುತ್ತವೆ. 1965ರಲ್ಲಿ ರಿತೋಸ್ಸ ಅವರನ್ನು ಸೈಟೇಶನ್ ನೋಡಿ ತೂಗಿದ್ದರೆ ಏನು ಸಿಗುತ್ತಿತ್ತು?

ಈಗ ನಮ್ಮ ಕ್ಷೇತ್ರದ ವೇಗದ ಮಾತು. ಇದನ್ನು ಮರೆತು ಅಂಕಿ ಹೋಲಿಸುವವರನ್ನು ಕಂಡರೆ ನನಗೆ ಸ್ವಲ್ಪ ಕೋಪ ಬರುತ್ತದೆ. ಸುಂಡಿಲಿ ಮೂರು ವಾರದಲ್ಲಿ ಮರಿ ಹಾಕುತ್ತದೆ. ಆಡಿಗೆ ಐದು ತಿಂಗಳು ಬೇಕು. ಹಸುವಿನ ಗಬ್ಬ ಸುಮಾರು 280 ದಿನ, ಎಮ್ಮೆಯದು 310ರ ಆಸುಪಾಸು, ಆನೆಯದು ಸುಮಾರು 22 ತಿಂಗಳು. ಗಬ್ಬದ ಕೊನೆಯ ದಿನಗಳ ಹಾರ್ಮೋನ್ ನೋಡಬೇಕೆಂದವರು ಅಷ್ಟು ದಿನ ಕಾಯಲೇಬೇಕು. ವರ್ಷಕ್ಕೊಮ್ಮೆ ಮಾತ್ರ ಬೆದೆಗೆ ಬರುವ ಪ್ರಾಣಿಯಾದರೆ ಒಂದು ಋತು ತಪ್ಪಿದರೆ ಒಂದು ವರ್ಷ ಹೋಯಿತು. ಇದರ ಮೇಲೆ ಪ್ರಾಣಿ ಪ್ರಯೋಗದ ನೀತಿ ಸಮಿತಿಯ ಒಪ್ಪಿಗೆ ಬೇರೆ. ಹಾಗಾಗಿ ದೊಡ್ಡ ಪ್ರಾಣಿಗಳ ಮೇಲೆ ಕೆಲಸ ಮಾಡುವವರಿಗೆ ವರ್ಷಕ್ಕೆ ಒಂದೂವರೆ, ಎರಡು ಪೇಪರ್ ಬಂದರೂ ಅದು ಒಳ್ಳೆಯ ದುಡಿಮೆಯೇ.

ಓದುವವರ ಸಂಖ್ಯೆಯೂ ಮುಖ್ಯ. ಇಲಿಯ ಹೃದಯದ ಬಗ್ಗೆ ಬರೆದರೆ ವೈದ್ಯಕೀಯ ಜಗತ್ತೆಲ್ಲ ಓದುತ್ತದೆ. ಕಪ್ಪೆ ಬರಗಾಲದಲ್ಲಿ ಮಣ್ಣಿನೊಳಗೆ ಹೇಗೆ ಬದುಕುತ್ತದೆ ಎಂದು ಬರೆದರೆ ಜಗತ್ತಿನಲ್ಲಿ ಇನ್ನೂರು ಜನ ಓದಬಹುದು. ಆ ಇನ್ನೂರರಲ್ಲಿ ಅರವತ್ತು ಜನ ಸೈಟ್ ಮಾಡಿದರೆ ಅದು ದೊಡ್ಡ ಗೆಲುವು. ಅದಕ್ಕೇ ಸ್ಕೋಪಸ್‌ನಂಥ ಕಡೆ ಕ್ಷೇತ್ರಕ್ಕೆ ಹೊಂದಿಸಿದ ಅಳತೆಯೊಂದು ಸಿಗುತ್ತದೆ. ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಪೇಪರ್‌ಗಳಿಗೆ ಜಗತ್ತಿನ ಸರಾಸರಿ 1 ಎಂದಿಟ್ಟು, ಈ ಪೇಪರ್ ಅದರ ಎಷ್ಟು ಪಟ್ಟು ಎಂದು ಹೇಳುತ್ತದೆ. ನಿಮ್ಮ ಮನಸ್ಸಿನಲ್ಲಿರುವ ಇಬ್ಬರು ಗೈಡ್‌ಗಳದೂ ಅದು ಸಿಕ್ಕರೆ ಎಚ್-ಇಂಡೆಕ್ಸ್‌ಗಿಂತ ಮೊದಲು ಅದನ್ನು ನೋಡಿ. ವಯಸ್ಸನ್ನೂ ಮರೆಯಬೇಡಿ. ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ಇಳಿಯುವುದು ಅಂತಿಲ್ಲ. ನಿವೃತ್ತರಾಗಿ ಮನೆಯಲ್ಲಿ ಕೂತರೂ ಏರುತ್ತಿರುತ್ತದೆ. ಮೊದಲ ಪೇಪರ್ ಬಂದು ಎಷ್ಟು ವರ್ಷ ಆಯಿತೋ ಅದರಿಂದ ಎಚ್-ಇಂಡೆಕ್ಸ್ ಭಾಗಿಸಿ. 27 ಎಂಬುದು ಮೂವತ್ತು ವರ್ಷದ್ದೋ ಹದಿನೈದು ವರ್ಷದ್ದೋ ಎಂಬುದರ ಮೇಲೆ ಅರ್ಥವೇ ಬೇರೆಯಾಗುತ್ತದೆ.

ಮೊದಲನೆಯವರ 140ಕ್ಕೆ ಬರೋಣ. ಜಾಸ್ತಿ ಬರೆಯುವುದು ಅಪರಾಧವಲ್ಲ. 'ಸ್ಟ್ರೆಸ್' ಎಂಬ ಪದವನ್ನು ಮನೆಮಾತು ಮಾಡಿದ ಹಾನ್ಸ್ ಸೆಲ್ಯೆ ಒಂದೂವರೆ ಸಾವಿರಕ್ಕೂ ಹೆಚ್ಚು ಪೇಪರ್ ಬರೆದರು. ತಮಾಷೆ ಏನೆಂದರೆ ಎಲ್ಲಕ್ಕೂ ಮೂಲವಾದ 1936ರ ಇಲಿಗಳ ಕೆಲಸ ಬರೀ ಒಂದು ಪುಟದ್ದು. ಇನ್ನೊಂದು ತುದಿಯಲ್ಲಿ ಎರಡು ನೊಬೆಲ್ ಪಡೆದ ಫ್ರೆಡ್ರಿಕ್ ಸ್ಯಾಂಗರ್ ಇದ್ದಾರೆ. ಅವರು ಬರೆದದ್ದು ಅಷ್ಟೇನೂ ಅಲ್ಲ.

140ನ್ನು ಬಿಡಿಸಿ ನೋಡಲು ಎರಡು ದಾರಿ ಇದೆ. ಒಂದು, ಹೆಸರು ಎಲ್ಲಿದೆ ಎಂದು ನೋಡುವುದು. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೈಕೆಸರು ಮಾಡಿಕೊಂಡವರದು, ಕೊನೆಯ ಹೆಸರು ಲ್ಯಾಬ್ ನಡೆಸುವವರದು. ನಡುವಿನವರು ಸ್ಯಾಂಪಲ್ ಕೊಟ್ಟವರೂ ಇರಬಹುದು, ಅಂಕಿಅಂಶ ಮಾಡಿಕೊಟ್ಟವರೂ ಇರಬಹುದು, ಸುಮ್ನೆ ಸಂಬಂಧಕ್ಕೆ ಸೇರಿಸಿದವರೂ ಇರಬಹುದು. 140ರಲ್ಲಿ ಮೊದಲ ಅಥವಾ ಕೊನೆಯ ಹೆಸರಾಗಿ ಎಷ್ಟಿವೆ ಎಣಿಸಿ. ನಲವತ್ತಕ್ಕೆ ಇಳಿದರೆ ಎರಡನೆಯವರ 38ರ ಪಕ್ಕಕ್ಕೇ ಬಂದು ನಿಂತ ಹಾಗಾಯಿತು.

ಎರಡು, ಒಂದೇ ಪ್ರಯೋಗವನ್ನು ಎಷ್ಟು ಹೋಳು ಮಾಡಿದ್ದಾರೆ ಎಂದು ನೋಡುವುದು. ನಮ್ಮಲ್ಲಿ ಇದಕ್ಕೆ ಸಲಾಮಿ ಸ್ಲೈಸಿಂಗ್ ಎನ್ನುತ್ತಾರೆ. ಹನ್ನೆರಡು ಕುರಿಗಳನ್ನು ನಲವತ್ತೈದು ದಿನ ಬಿಸಿ ಕೋಣೆಯಲ್ಲಿಟ್ಟರು. ಉಸಿರಾಟ ಮತ್ತು ಮೈ ಉಷ್ಣತೆಗೆ ಒಂದು ಪೇಪರ್. ರಕ್ತದ ಕಣಗಳಿಗೆ ಒಂದು. ಥೈರಾಯ್ಡ್‌ಗೆ ಒಂದು. ಜೀನ್‌ಗಳಿಗೆ ಇನ್ನೊಂದು. ಕೊನೆಗೆ ಉಳಿದದ್ದಕ್ಕೆಲ್ಲ ಸೇರಿಸಿ ಮತ್ತೊಂದು. ವಿಧಾನದ ಭಾಗ ತೆರೆದರೆ ಸಿಕ್ಕಿಬೀಳುತ್ತದೆ: ಅದೇ ಹನ್ನೆರಡು ಕುರಿ, ಅದೇ ತಳಿ, ಅದೇ ನಲವತ್ತೈದು ದಿನ, ಅದೇ ಋತು. ಇದೆಲ್ಲವೂ ಮೋಸ ಅಂತ ನಾನು ಹೇಳುವುದಿಲ್ಲ. ಪ್ರಾಣಿಗಳನ್ನು ಮತ್ತೆ ಮತ್ತೆ ಹಿಂಸಿಸದೆ ಒಂದೇ ಸಲಕ್ಕೆ ಆದಷ್ಟು ಮಾಹಿತಿ ತೆಗೆಯುವುದು ಒಳ್ಳೆಯದೇ. ಜೀನ್‌ನ ಕೆಲಸಕ್ಕೆ ಬೇರೆ ಪೇಪರ್ ಬೇಕಾಗಲೂಬಹುದು. ಆದರೆ ಐದೂ ಪೇಪರ್‌ಗಳು ಒಂದನ್ನೊಂದು ಸೈಟ್ ಮಾಡಿಕೊಂಡರೆ ಎಚ್-ಇಂಡೆಕ್ಸ್ ತಾನಾಗಿಯೇ ಮೇಲೇಳುತ್ತದೆ, ಅಲ್ವಾ? ತನ್ನನ್ನು ತಾನು ಸೈಟ್ ಮಾಡುವುದು ಒಂದು ಮಟ್ಟಿಗೆ ಸಹಜ, ಹೊಸ ಕೆಲಸ ಹಳೆಯದರ ಮೇಲೇ ನಿಲ್ಲುವುದು. ಸ್ಕೋಪಸ್‌ನಲ್ಲಿ ಅಂಥ ಸೈಟೇಶನ್‌ಗಳನ್ನು ಬಿಟ್ಟು ಲೆಕ್ಕ ನೋಡುವ ಸೌಲಭ್ಯ ಇದೆ. 21 ಎಂಬುದು 19 ಆದರೆ ಚಿಂತೆ ಇಲ್ಲ. 12 ಆದರೆ ಯೋಚಿಸಿ.

ಗೂಗಲ್ ಸ್ಕಾಲರ್ 2,900 ಎನ್ನುತ್ತದೆ, ಸ್ಕೋಪಸ್ 1,750 ಎನ್ನುತ್ತದೆ, ಇದರಲ್ಲಿ ಸುಳ್ಳು ಯಾವುದೂ ಅಲ್ಲ. ಎರಡೂ ಶುರುವಾದದ್ದು 2004ರಲ್ಲೇ, ಆದರೆ ಎಣಿಸುವ ರೀತಿ ಬೇರೆ. ಸ್ಕೋಪಸ್ ತಾನು ಆರಿಸಿಕೊಂಡ ಜರ್ನಲ್‌ಗಳು, ಪುಸ್ತಕಗಳು, ಕೆಲವು ಸಮ್ಮೇಳನಗಳನ್ನಷ್ಟೇ ನೋಡುತ್ತದೆ. ಗೂಗಲ್ ಸ್ಕಾಲರ್ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ: ಪಿಎಚ್‌ಡಿ ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ನ ಪರಿಶೀಲನೆಗೆ ಮುಂಚೆ ಹಾಕಿದ ಕರಡು), ಸಣ್ಣ ಜರ್ನಲ್, ವರದಿ, ಎಲ್ಲ. ಪಶುವಿಜ್ಞಾನದಲ್ಲಿ ಪ್ರಾದೇಶಿಕ ಜರ್ನಲ್‌ಗಳು ಜಾಸ್ತಿ ಇರುವುದರಿಂದ ಇಷ್ಟು ಅಂತರ ಬರುವುದು ತೀರಾ ವಿಚಿತ್ರವೇನಲ್ಲ. ಇಬ್ಬರನ್ನು ಹೋಲಿಸುವಾಗ ಮಾತ್ರ ಇಬ್ಬರಿಗೂ ಒಂದೇ ಕಡೆಯ ಲೆಕ್ಕ ಹಿಡಿಯಿರಿ. ಒಬ್ಬರ ಸ್ಕಾಲರ್ ಅಂಕಿಯನ್ನು ಇನ್ನೊಬ್ಬರ ಸ್ಕೋಪಸ್ ಅಂಕಿಯ ಪಕ್ಕ ಇಡಬೇಡಿ.

ಬಾಚಿಕೊಳ್ಳುವವರಿಗೆ ಕಸವೂ ಸಿಗುತ್ತದೆ. 2010ರಲ್ಲಿ ಫ್ರಾನ್ಸ್‌ನ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ, ಐಕ್ ಅಂಟ್‌ಕೇರ್ ಎಂಬ ಇಲ್ಲದ ವಿಜ್ಞಾನಿಯನ್ನು ಹುಟ್ಟಿಸಿದರು. ಯಂತ್ರ ಬರೆದ ಅರ್ಥವಿಲ್ಲದ ನೂರು ಪೇಪರ್ ಹಾಕಿ, ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಅವನಿಗೆ 94ರ ಎಚ್-ಇಂಡೆಕ್ಸ್ ಬರಿಸಿದರು. 2024ರಲ್ಲಂತೂ ಇಬ್ಬರು ಸಂಶೋಧಕರು ಲ್ಯಾರಿ ಎಂಬ ಬೆಕ್ಕಿನ ಹೆಸರಿನಲ್ಲಿ ಇದನ್ನೇ ಮಾಡಿದರು. ಲ್ಯಾರಿಗೆ 132 ಸೈಟೇಶನ್, ಎಚ್-ಇಂಡೆಕ್ಸ್ 11. ಪ್ರಾಣಿಗಳ ಫಿಸಿಯಾಲಜಿಯವರಿಗೆ ಇದಕ್ಕಿಂತ ಮುಜುಗರ ಬೇಕಾ? ನಾವು ಅಳೆಯಬೇಕಾದ ಪ್ರಾಣಿಯೇ ನಮ್ಮ ಎಷ್ಟೋ ಸಹೋದ್ಯೋಗಿಗಳಿಗಿಂತ ಮುಂದಿತ್ತು!

ನಿಮ್ಮ ಗೈಡ್ ಹಾಗೆ ಮಾಡಿದ್ದಾರೆ ಎಂದು ಇದರ ಅರ್ಥವಲ್ಲ. ನಿಜ ಜೀವನದಲ್ಲಿ ಹೆಚ್ಚಾಗಿ ಆಗುವುದು ಹೆಸರಿನ ಗೊಂದಲ. ನಾನು ಕೂತಿದ್ದ ಒಂದು ಆಯ್ಕೆ ಸಮಿತಿಗೆ ಬಂದ ಅಭ್ಯರ್ಥಿಯ ಪಟ್ಟಿಯಲ್ಲಿ ಭತ್ತದ ಬೇರಿನ ಬಗ್ಗೆ, ಹಲ್ಲಿನ ಸಿಮೆಂಟಿನ ಬಗ್ಗೆ ಪೇಪರ್‌ಗಳಿದ್ದವು. ಅದೇ ಹೆಸರಿನ ಬೇರೆ ಮೂವರ ಕೆಲಸವನ್ನು ಗೂಗಲ್ ಸ್ಕಾಲರ್ ಇವರಿಗೆ ಅಂಟಿಸಿತ್ತು. ಇವರು ಬಿಡಿಸಿರಲಿಲ್ಲ. ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ ದೇವರಿಗೇ ಗೊತ್ತು. 2012ರಲ್ಲಿ ಶುರುವಾದ ಓರ್ಕಿಡ್ ಎಂಬ 16 ಅಂಕಿಗಳ ಗುರುತು ಸಂಖ್ಯೆ ಇರುವುದು ಇಂಥದ್ದನ್ನು ತಪ್ಪಿಸಲಿಕ್ಕೆ. ಇಬ್ಬರ ಓರ್ಕಿಡ್ ಪುಟವನ್ನೂ ಒಮ್ಮೆ ನೋಡಿ.

ಶೇ 2ರ ಪಟ್ಟಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅದನ್ನು 'ಸ್ಟ್ಯಾನ್‌ಫರ್ಡ್ ಪ್ರಶಸ್ತಿ' ಎಂಬಂತೆ ಹೇಳಿಕೊಳ್ಳುವವರಿದ್ದಾರೆ. ಅದು ಪ್ರಶಸ್ತಿ ಅಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಇಯೋನಿಡಿಸ್ ಮತ್ತು ಜೊತೆಗಾರರು 2019ರಿಂದ ಸ್ಕೋಪಸ್ ಮಾಹಿತಿಯಿಂದ ತೆಗೆಯುತ್ತಿರುವ ಲೆಕ್ಕ. ಒಟ್ಟು ಸೈಟೇಶನ್, ಎಚ್-ಇಂಡೆಕ್ಸ್, ಸಹಲೇಖಕರ ಸಂಖ್ಯೆಗೆ ತಗ್ಗಿಸಿದ ಎಚ್-ಇಂಡೆಕ್ಸ್, ಒಬ್ಬರೇ ಬರೆದ ಅಥವಾ ಮೊದಲ, ಕೊನೆಯ ಹೆಸರಾಗಿರುವ ಪೇಪರ್‌ಗಳ ಸೈಟೇಶನ್, ಹೀಗೆ ಆರು ಅಂಶ ಸೇರಿಸಿ ಉಪಕ್ಷೇತ್ರಗಳೊಳಗೆ ಸಾಲು ಹಾಕುತ್ತಾರೆ. ಹೆಸರು ಎಲ್ಲಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಬರೀ ಎಚ್-ಇಂಡೆಕ್ಸ್‌ಗಿಂತ ಇದು ಉತ್ತಮ ಎಂದೇ ನನ್ನ ಅಭಿಪ್ರಾಯ. ಪಟ್ಟಿ ಎರಡಿದೆ, ಇಡೀ ವೃತ್ತಿಜೀವನದ್ದು ಮತ್ತು ಒಂದೇ ವರ್ಷದ್ದು. ಎರಡಕ್ಕೂ ವ್ಯತ್ಯಾಸ ದೊಡ್ಡದು. ಅವರು ಯಾವುದರಲ್ಲಿದ್ದಾರೆ ಕೇಳಿ ತಿಳಿದುಕೊಳ್ಳಿ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದಾಯಿತು. ಅದು ಜರ್ನಲ್‌ನ ಅಳತೆ, ವಿಜ್ಞಾನಿಯದ್ದಲ್ಲ. ಹಿಂದಿನ ಎರಡು ವರ್ಷಗಳ ಪೇಪರ್‌ಗಳಿಗೆ ಈ ವರ್ಷ ಸಿಕ್ಕ ಸೈಟೇಶನ್‌ಗಳ ಸರಾಸರಿ ಅಷ್ಟೇ. ಹತ್ತು, ಇಪ್ಪತ್ತು ವರ್ಷದ ಹಳೆಯ ಪೇಪರನ್ನು ಆರಾಮಾಗಿ ಸೈಟ್ ಮಾಡುವ ನಮ್ಮ ಕ್ಷೇತ್ರಕ್ಕೆ ಎರಡು ವರ್ಷದ ಕಿಟಕಿ ತೀರಾ ಚಿಕ್ಕದು. 1923ರಿಂದ ನಡೆಯುತ್ತಿರುವ 'ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಬಯಾಲಜಿ'ಯಂಥ ಗಟ್ಟಿ ಜರ್ನಲ್‌ನ ಅಂಕಿ ಕೂಡ ಒಂದಂಕಿಯಲ್ಲೇ ಇದೆ. ಆ ಅಳತೆಯನ್ನು ರೂಪಿಸಿದ ಯೂಜೀನ್ ಗಾರ್ಫೀಲ್ಡ್ ಅವರೇ ವ್ಯಕ್ತಿಗಳನ್ನು ತೂಗಲು ಅದನ್ನು ಬಳಸಬೇಡಿ ಎಂದು ಎಚ್ಚರಿಸಿದ್ದರು. ಯಾರು ಕೇಳಿದರು!

ಕೊನೆಗೆ ನಿಮ್ಮ ನೇರ ಪ್ರಶ್ನೆ, ಯಾರ ಪ್ರಭಾವ ಹೆಚ್ಚು? ಎರಡನೆಯವರ ಆ ದೊಡ್ಡ ಪೇಪರಿನಲ್ಲಿ ಮೊದಲ ಅಥವಾ ಕೊನೆಯ ಹೆಸರು ಅವರದ್ದೇ ಆಗಿದ್ದು, ನೀವು ಓದುವ ಇಪ್ಪತ್ತು ವಾಕ್ಯಗಳಲ್ಲಿ ಎಂಟು ಹತ್ತಾದರೂ 'ಇವರು ಮಾಡಿದಂತೆ ನಾವೂ ಮಾಡಿದೆವು' ಎಂಬ ಬಗೆಯವಾಗಿದ್ದರೆ, ನಾನು ಎರಡನೆಯವರನ್ನೇ ಹೇಳುತ್ತೇನೆ. 27 ಮತ್ತು 17ರ ಅಂತರ ನನ್ನನ್ನು ಅಲುಗಾಡಿಸುವುದಿಲ್ಲ. ಅದು ರಿವ್ಯೂ ಆಗಿದ್ದು ಎಲ್ಲ ನಮಸ್ಕಾರದ ಬಗೆಯ ವಾಕ್ಯಗಳೇ ಸಿಕ್ಕರೆ, ಆ ಒಂದು ಪೇಪರನ್ನು ತೆಗೆದಿಟ್ಟು ಉಳಿದ 37ನ್ನು ಮೊದಲನೆಯವರ, ಹೆಸರಿನ ಜಾಗ ನೋಡಿ ಸೋಸಿದ ಪಟ್ಟಿಯ ಜೊತೆ ಹೋಲಿಸಿ.

ಆದರೆ ಪ್ರಭಾವಿ ವಿಜ್ಞಾನಿ ಬೇರೆ, ಒಳ್ಳೆಯ ಗೈಡ್ ಬೇರೆ. ನಿಮಗೆ ಬೇಕಾದದ್ದು ಗೈಡ್. ಅದಕ್ಕೆ ಇಬ್ಬರ ಕಳೆದ ಐದು ವರ್ಷದ ಪೇಪರ್‌ಗಳನ್ನು ಮಾತ್ರ ತೆಗೆಯಿರಿ. ಮೊದಲ ಹೆಸರು ಯಾರದು ಎಂದು ನೋಡಿ. ಬೇರೆ ಬೇರೆ ವಿದ್ಯಾರ್ಥಿಗಳ ಹೆಸರು ಮೊದಲಿಗೆ ಬಂದು, ಕೊನೆಯಲ್ಲಿ ಗೈಡ್ ಇದ್ದರೆ ಆ ಲ್ಯಾಬ್‌ನಲ್ಲಿ ಕಲಿಸುತ್ತಾರೆ ಎಂದು ತಿಳಿಯಿರಿ. ಗೈಡ್ ಹೆಸರೇ ಸದಾ ಮೊದಲಿದ್ದು, ವಿದ್ಯಾರ್ಥಿಗಳು ನಡುವೆ ಎಲ್ಲೋ ಕಳೆದುಹೋಗಿದ್ದರೆ 140 ಇರಲಿ 340 ಇರಲಿ, ನಾನಾದರೆ ಅಲ್ಲಿಗೆ ಸೇರುವುದಿಲ್ಲ. ಆಮೇಲೆ ಆ ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ ಮೇಲ್ ಹಾಕಿ, ಪಿಎಚ್‌ಡಿ ಮುಗಿಯಲು ಎಷ್ಟು ವರ್ಷ ಹಿಡಿಯಿತು, ಪ್ರಯೋಗಕ್ಕೆ ಪ್ರಾಣಿಗಳು ಸಕಾಲಕ್ಕೆ ಸಿಕ್ಕವಾ ಅಂತ ಕೇಳಿ. ಎರಡನೆಯ ಪ್ರಶ್ನೆಯನ್ನು ಮರೆಯದೆ ಕೇಳಿ. ನಮ್ಮ ಕ್ಷೇತ್ರದಲ್ಲಿ ಪಿಎಚ್‌ಡಿಗಳು ತಡವಾಗುವುದು ಮುಕ್ಕಾಲು ಪಾಲು ಅಲ್ಲೇ.